ದರ್ಜಿಯ ಮಗ ಫೂರಿಯೆ

ಲೋಕದಲ್ಲಿ ಕೆಲವರ ಹೆಸರು ಅವರು ಗೆದ್ದ ರಾಜ್ಯಗಳಿಂದ ಉಳಿಯುತ್ತದೆ. ಕೆಲವರದು ಅವರು ಕಟ್ಟಿಸಿದ ಗುಡಿಗೋಪುರಗಳಿಂದ ಉಳಿಯುತ್ತದೆ. ಇನ್ನು ಕೆಲವರ ಹೆಸರು ಜನರ ಬಾಯಲ್ಲಿ ಇಲ್ಲದಿದ್ದರೂ ಅವರ ಕೆಲಸ ಮಾತ್ರ ದಿನ ಬೆಳಗಾದರೆ ಮನೆಮನೆಯಲ್ಲಿ ನಡೆಯುತ್ತಿರುತ್ತದೆ. ಫ್ರಾನ್ಸ್ ದೇಶದ ಗಣಿತಜ್ಞ ಜೋಸೆಫ್ ಫೂರಿಯೆ ಈ ಮೂರನೆಯ ಪಂಗಡಕ್ಕೆ ಸೇರಿದವನು. ನಾವು ಮೊಬೈಲಿನಲ್ಲಿ ಮದುವೆಯ ಚಿತ್ರವೊಂದನ್ನು ದೂರದೂರಿನ ನೆಂಟರಿಗೆ ಕಳುಹಿಸಿದಾಗ, ಅದು ಕ್ಷಣಮಾತ್ರದಲ್ಲಿ ತಲುಪುವಂತೆ ಮಾಡುವ ವಿದ್ಯೆಯ ತಾಯಿಬೇರು 1807ರಲ್ಲಿ ಈತನು ಬರೆದ ಒಂದು ಪ್ರಬಂಧದಲ್ಲಿದೆ. ಆ ಪ್ರಬಂಧವನ್ನು ಅಂದಿನ ಪಂಡಿತರು ಅಚ್ಚು ಹಾಕಲು ಒಪ್ಪಲಿಲ್ಲವೆಂಬುದು ಈ ಕಥೆಯ ವಿಶೇಷ.

ನಾನು ಗಣಿತದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುತ್ತಿರುವವನು. ಫ್ರಾನ್ಸಿನ ಮಹಾಕ್ರಾಂತಿಯನ್ನು ಕುರಿತು ಓದುವಾಗ, ಸೆರೆಮನೆಯನ್ನು ಸೇರಿ ಗಿಲೊಟೀನಿನ ಬಾಯಿಂದ ಕೂದಲೆಳೆಯಷ್ಟರಲ್ಲಿ ಉಳಿದು ಬಂದವರ ಪೈಕಿ ಒಬ್ಬ ಗಣಿತದ ಉಪಾಧ್ಯಾಯನೂ ಇದ್ದನೆಂದು ತಿಳಿದು ನನಗೆ ಕುತೂಹಲವುಂಟಾಯಿತು. ಆತನ ತಂದೆ ದರ್ಜಿಯಾಗಿದ್ದನೆಂದು ಓದಿದ ಮೇಲಂತೂ ಆ ಕುತೂಹಲ ಇಮ್ಮಡಿಯಾಯಿತು. ಏಕೆಂದರೆ ನನ್ನ ತಂದೆಯವರದೂ ಹೊಲಿಗೆಯ ಕಸುಬೇ. ಹೀಗೆ ಓದಿ ತಿಳಿದುಕೊಂಡದ್ದನ್ನು ನನ್ನಂತೆಯೇ ಗಣಿತದಿಂದ ದೂರವಿರುವ ಸಹಪಾಠಿಗಳ ಮುಂದೆ ಇಡಲು ಇಲ್ಲಿ ಯತ್ನಿಸಿದ್ದೇನೆ.

ಜೋಸೆಫ್ ಫೂರಿಯೆಯು 1768ನೆಯ ಇಸವಿ ಮಾರ್ಚ್ 21ರಂದು ಓಸೇರ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯ ಎರಡನೆಯ ಮದುವೆಯ 12 ಮಂದಿ ಮಕ್ಕಳಲ್ಲಿ ಈತನು 9ನೆಯವನು. ಹುಡುಗನಿಗೆ 9 ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಮರುವರ್ಷವೇ ತಂದೆಯೂ ತೀರಿಕೊಂಡನು. ದಿಕ್ಕಿಲ್ಲದ ಬಾಲಕನನ್ನು ಊರಿನ ಸಜ್ಜನರು ಕೈಬಿಡಲಿಲ್ಲ. ಅವರ ನೆರವಿನಿಂದ ಆತನಿಗೆ ಬೆನೆಡಿಕ್ಟೈನ್ ಸಂನ್ಯಾಸಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಸ್ಥಳ ದೊರೆಯಿತು. ಅಲ್ಲಿ ಗಣಿತದ ರುಚಿ ಹತ್ತಿತು. 14 ವರ್ಷ ತುಂಬುವ ವೇಳೆಗೆ ಬೆಜೂ ಎಂಬ ವಿದ್ವಾಂಸನ ಗಣಿತಗ್ರಂಥದ 6 ಸಂಪುಟಗಳನ್ನೂ ಓದಿ ಮುಗಿಸಿದ್ದನಂತೆ. ಉರಿದು ಮಿಕ್ಕ ಮೇಣದ ಬತ್ತಿಯ ತುಂಡುಗಳನ್ನು ಕೂಡಿಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ ಅವುಗಳ ಬೆಳಕಿನಲ್ಲಿ ಓದುತ್ತಿದ್ದನೆಂದು ಚರಿತ್ರಕಾರರು ಬರೆದಿದ್ದಾರೆ. ಬೀದಿದೀಪದ ಕೆಳಗೆ ಕುಳಿತು ಓದಿ ಮುಂದೆ ಬಂದ ಹಿರಿಯರ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವಾದ ಚಿತ್ರವೇನಲ್ಲ.

ಫಿರಂಗಿದಳದ ಅಧಿಕಾರಿಯಾಗಬೇಕೆಂದು ಫೂರಿಯೆಯ ಆಸೆ. ಆದರೆ ಕುಲೀನರ ವಂಶದಲ್ಲಿ ಹುಟ್ಟದವನಿಗೆ ಆ ಬಾಗಿಲು ತೆರೆಯಲಿಲ್ಲ. ಬೇರೆ ದಾರಿ ಕಾಣದೆ 1787ರಲ್ಲಿ ಸಂನ್ಯಾಸಿಮಠವೊಂದನ್ನು ಸೇರಿದನು. ಅಲ್ಲಿಯೂ ಮನಸ್ಸೆಲ್ಲ ಗಣಿತದ ಮೇಲೆಯೇ. ದೀಕ್ಷೆ ತೆಗೆದುಕೊಳ್ಳುವ ಮೊದಲೇ, 1789ರಲ್ಲಿ, ಮಠವನ್ನು ಬಿಟ್ಟು ಹೊರಬಂದನು. ಅದೇ ವರ್ಷ ಕ್ರಾಂತಿ ಸಿಡಿಯಿತು. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಪದ್ಧತಿಯ ಬಿಸಿಯನ್ನು ತಾನೇ ಅನುಭವಿಸಿದ್ದ ಫೂರಿಯೆಗೆ ಸಮಾನತೆಯ ಘೋಷ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತಾನು ಓದಿದ ಶಾಲೆಯಲ್ಲಿಯೇ ಉಪಾಧ್ಯಾಯನಾಗಿ, 1793ರಲ್ಲಿ ಊರಿನ ಕ್ರಾಂತಿಸಮಿತಿಯನ್ನೂ ಸೇರಿದನು. ಆದರೆ ಕ್ರಾಂತಿಯು ಕೊಲೆಗಡುಕತನಕ್ಕೆ ತಿರುಗಿದ್ದನ್ನು ಕಂಡು ಹೇಸಿ ಸಮಿತಿಯನ್ನು ಬಿಡಲು ಯತ್ನಿಸಿದನು. ಬಿಡಗೊಡಲಿಲ್ಲ. 1794ರಲ್ಲಿ ಆತನೇ ಬಂಧಿತನಾದನು. ತಲೆ ಹೋಗುವುದೊಂದು ಬಾಕಿ ಇತ್ತು. ಅಷ್ಟರಲ್ಲಿ, ಜುಲೈ ತಿಂಗಳ ಕೊನೆಯಲ್ಲಿ, ರೋಬೆಸ್ಪಿಯೇರನ ತಲೆಯೇ ಉರುಳಿತು, ಫೂರಿಯೆ ಬದುಕಿಕೊಂಡನು.

ಮರುವರ್ಷ ಪ್ಯಾರಿಸಿನಲ್ಲಿ ಉಪಾಧ್ಯಾಯರನ್ನು ತಯಾರು ಮಾಡುವ ಹೊಸ ವಿದ್ಯಾಸಂಸ್ಥೆಯೊಂದು ಆರಂಭವಾದಾಗ ಫೂರಿಯೆ ಅಲ್ಲಿಗೆ ವಿದ್ಯಾರ್ಥಿಯಾಗಿ ಹೋದನು. ಲಗ್ರಾಂಜ್, ಲಾಪ್ಲಾಸ್, ಮೋಂಜ್ ಈ ಮೂವರು ಮಹಾಗಣಿತಜ್ಞರು ಅಲ್ಲಿನ ಗುರುಗಳು. ಶಿಷ್ಯನ ಯೋಗ್ಯತೆ ಅವರ ಕಣ್ಣಿಗೆ ಬಿದ್ದಿತು. ನಡುವೆ ಇನ್ನೊಮ್ಮೆ ಸೆರೆಮನೆ ಕಂಡು ಬಂದರೂ, 1797ರಲ್ಲಿ ಪಾಲಿಟೆಕ್ನಿಕ್ ವಿದ್ಯಾಲಯದಲ್ಲಿ ಲಗ್ರಾಂಜನ ಪೀಠವೇ ಆತನಿಗೆ ದೊರೆಯಿತು. 1798ರಲ್ಲಿ ನೆಪೋಲಿಯನ್ನನು ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಸೈನ್ಯದೊಡನೆ ವಿದ್ವಾಂಸರ ಒಂದು ತಂಡವನ್ನೂ ಕರೆದೊಯ್ದನಷ್ಟೆ. ಫೂರಿಯೆ ಆ ತಂಡದಲ್ಲಿದ್ದನು. ಕೈರೋ ನಗರದಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆಗೆ ಕಾರ್ಯದರ್ಶಿಯೂ ಆದನು. 1801ರಲ್ಲಿ ಹಿಂತಿರುಗಿ ಬಂದು ಮತ್ತೆ ಪಾಠ ಹೇಳುವ ಆಸೆಯಲ್ಲಿದ್ದಾಗ ನೆಪೋಲಿಯನ್ನನು ಆತನನ್ನು ಆಲ್ಪ್ಸ್ ಪರ್ವತದ ತಪ್ಪಲಿನ ಇಸೇರ್ ಪ್ರಾಂತಕ್ಕೆ ಪ್ರಿಫೆಕ್ಟನಾಗಿ, ಎಂದರೆ ನಮ್ಮ ಜಿಲ್ಲಾಧಿಕಾರಿಯಂಥ ಹುದ್ದೆಗೆ, 1802ರಲ್ಲಿ ಕಳುಹಿಸಿದನು. ಗ್ರೆನೋಬಲ್ ಪಟ್ಟಣವು ಆತನ ಮುಖ್ಯಸ್ಥಾನ.

ಮನಸ್ಸಿಲ್ಲದೆ ಹಿಡಿದ ಕೆಲಸವನ್ನೂ ಫೂರಿಯೆ ಚೆನ್ನಾಗಿಯೇ ಮಾಡಿದನು. ಬೂರ್ಗ್ವಾನ್ ಎಂಬಲ್ಲಿ ಜ್ವರಕ್ಕೆ ತವರಾಗಿದ್ದ ದೊಡ್ಡ ಜೌಗುಭೂಮಿಯಿತ್ತು. ಸುತ್ತಿನ ಗ್ರಾಮಗಳಿಗೆಲ್ಲ ಅದರಲ್ಲಿ ಹಕ್ಕು; ಆದ್ದರಿಂದ ಯಾರೂ ಅದಕ್ಕೆ ಕೈಹಾಕಿರಲಿಲ್ಲ. ಫೂರಿಯೆ ಗ್ರಾಮಸ್ಥರನ್ನು ಒಪ್ಪಿಸಿ ಅದರ ನೀರನ್ನು ಬಸಿದು ಹಾಕಿಸಿದನು. ಗ್ರೆನೋಬಲ್‌ನಿಂದ ಟ್ಯೂರಿನ್ ಕಡೆಗೆ ಹೊಸ ಮಾರ್ಗ ಮಾಡಿಸಿದನು. ಈಜಿಪ್ಟನ್ನು ಕುರಿತ ಬೃಹದ್ಗ್ರಂಥಕ್ಕೆ ಐತಿಹಾಸಿಕ ಮುನ್ನುಡಿ ಬರೆದನು. ಗ್ರೆನೋಬಲ್‌ನಲ್ಲಿ ಓದುತ್ತಿದ್ದ ಶಾಂಪೋಲಿಯನ್ ಎಂಬ ತರುಣನಿಗೆ ಪ್ರೋತ್ಸಾಹ ಕೊಟ್ಟನು. ಈ ಶಾಂಪೋಲಿಯನ್ನನೇ ಮುಂದೆ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯ ಒಗಟನ್ನು ಬಿಡಿಸಿದವನು. ಇಷ್ಟೆಲ್ಲ ಕಾಗದಪತ್ರಗಳ ರಾಶಿಯ ನಡುವೆ ಬಿಡುವು ಮಾಡಿಕೊಂಡು ಫೂರಿಯೆ ತನ್ನ ಜೀವನದ ಮುಖ್ಯ ಪ್ರಶ್ನೆಯನ್ನು ಹಿಡಿದನು: ಕಾದ ವಸ್ತುವಿನಲ್ಲಿ ಶಾಖವು ಹೇಗೆ ಹರಡುತ್ತದೆ?

ಕಮ್ಮಾರನ ಕುಲುಮೆಯಲ್ಲಿ ಒಂದು ಕಬ್ಬಿಣದ ಬಳೆಯ ಅರ್ಧ ಭಾಗವನ್ನು ಮಾತ್ರ ಕಾಯಿಸಿ ಹೊರಗೆ ತೆಗೆದರೆಂದು ಇಟ್ಟುಕೊಳ್ಳೋಣ. ಶಾಖವು ಬಿಸಿಯ ಕಡೆಯಿಂದ ತಣ್ಣನೆಯ ಕಡೆಗೆ ಸಾಗಿ ಸ್ವಲ್ಪ ಹೊತ್ತಿನಲ್ಲಿ ಬಳೆಯೆಲ್ಲ ಒಂದೇ ಬಿಸಿಯಾಗುತ್ತದೆ. ನಡುವಿನ ಪ್ರತಿ ಗಳಿಗೆಯಲ್ಲಿ ಯಾವ ಭಾಗ ಎಷ್ಟು ಬಿಸಿಯಾಗಿರುತ್ತದೆಂಬುದನ್ನು ಲೆಕ್ಕದಿಂದ ಹೇಳುವುದು ಹೇಗೆ? ಫೂರಿಯೆಯ ಉಪಾಯ ಇದು. ಬಳೆಯ ಸುತ್ತ ಬಿಸಿಯ ಏರಿಳಿತವು ಎಷ್ಟೇ ಒರಟಾಗಿರಲಿ, ಅದನ್ನು ನಯವಾದ ಅನೇಕ ಅಲೆಗಳ ಮೊತ್ತವೆಂದು ಭಾವಿಸಬಹುದು. ಬಳೆಯನ್ನು ಒಂದೇ ಸಲ ಸುತ್ತುವ ದೊಡ್ಡ ಅಲೆ ಒಂದು; ಎರಡು ಸಲ ಏರಿಳಿಯುವ ಅಲೆ ಮತ್ತೊಂದು; ಮೂರು ಸಲದ್ದು ಇನ್ನೊಂದು; ಹೀಗೆ ಕೊನೆಯಿಲ್ಲದೆ. ಒಂದೊಂದು ಅಲೆಯೂ ತನ್ನ ಪಾಡಿಗೆ ತಾನು ಆರುತ್ತದೆ. ಎರಡು ಪಟ್ಟು ಕಿರಿದಾದ ಅಲೆ ನಾಲ್ಕು ಪಟ್ಟು ವೇಗವಾಗಿ ಅಳಿಯುತ್ತದೆ. ಸಣ್ಣವು ಬೇಗ ಮಾಯವಾಗಿ ದೊಡ್ಡವು ಮಾತ್ರ ಬಹುಕಾಲ ಉಳಿಯುವುದರಿಂದ ಲೆಕ್ಕ ಸುಲಭವಾಗುತ್ತದೆ.

ಸಂಗೀತ ಬಲ್ಲವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ತಂಬೂರಿಯ ಷಡ್ಜದ ತಂತಿಯೊಂದನ್ನೇ ಮೀಟಿ ಕಿವಿಗೊಟ್ಟು ಕೇಳಿದರೆ, ಯಾರೂ ಮೀಟದ ಗಾಂಧಾರವು ಅದರೊಳಗಿಂದ ಹೊಮ್ಮುವುದು. ಒಂದು ನಾದದೊಳಗೆ ಹಲವು ನಾದಗಳು ಅಡಗಿವೆ. ಅಡಗಿದವುಗಳನ್ನು ಬಿಡಿಬಿಡಿಯಾಗಿ ಎಣಿಸಿ, ಇದು ಇಷ್ಟು, ಅದು ಅಷ್ಟು ಎಂದು ಪಟ್ಟಿ ಬರೆಯುವ ವಿದ್ಯೆಯೇ ಫೂರಿಯೆಯ ವಿದ್ಯೆ.

1807ರ ಡಿಸೆಂಬರ್ 21ರಂದು ಈ ಪ್ರಬಂಧವು ಪ್ಯಾರಿಸಿನ ವಿದ್ವತ್ಸಭೆಯ ಮುಂದೆ ಬಂದಿತು. ಪರೀಕ್ಷಕರು ಲಗ್ರಾಂಜ್, ಲಾಪ್ಲಾಸ್, ಮೋಂಜ್, ಲಕ್ರ್ವಾ. ನಯವಾದ ಅಲೆಗಳನ್ನು ಕೂಡಿಸಿ ಮೂಲೆಯುಳ್ಳ, ಮುರಿದ ರೇಖೆಗಳನ್ನೂ ಪಡೆಯಬಹುದೆಂಬ ಮಾತು ವೃದ್ಧನಾದ ಲಗ್ರಾಂಜನಿಗೆ ಒಪ್ಪಿಗೆಯಾಗಲಿಲ್ಲ. ಪ್ರಬಂಧವು ಅಚ್ಚಾಗಲಿಲ್ಲ. ಆಮೇಲೆ ಸಭೆಯು ಶಾಖದ ವಿಷಯಕ್ಕೇ ಬಹುಮಾನವೊಂದನ್ನು ಸಾರಿತು. ಫೂರಿಯೆ 1811ರಲ್ಲಿ ವಿಸ್ತರಿಸಿದ ಪ್ರಬಂಧವನ್ನು ಕಳುಹಿಸಿದನು. 1812ರ ಆರಂಭದಲ್ಲಿ ಬಹುಮಾನವೇನೋ ಬಂದಿತು. ಆದರೆ ತರ್ಕದಲ್ಲಿ ಬಿಗಿ ಸಾಲದೆಂಬ ಟೀಕೆಯೂ ಜೊತೆಯಲ್ಲಿ ಬಂದಿತು. ಈ ಸಲವೂ ಅಚ್ಚಿಲ್ಲ.

ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಲಗ್ರಾಂಜನ ಸಂದೇಹವು ಬರಿಯ ಹಠವಾಗಿರಲಿಲ್ಲ. ಎಂಥ ರೇಖೆಗಳಿಗೆ ಈ ಮಾತು ಸಲ್ಲುತ್ತದೆ ಎಂಬುದನ್ನು ಕಟ್ಟುನಿಟ್ಟಾಗಿ ಮೊದಲು ತೋರಿಸಿದವನು ಡಿರಿಷ್ಲೆ, ಅದು 1829ರಲ್ಲಿ. ಇದ್ದಕ್ಕಿದ್ದಂತೆ ಜಿಗಿಯುವ ರೇಖೆಯನ್ನು ಕೆಲವೇ ಅಲೆಗಳಿಂದ ಕಟ್ಟಹೋದರೆ ಜಿಗಿತದ ಬಳಿ ಸುಳ್ಳು ತೆರೆಗಳು ಏಳುತ್ತವೆಂಬುದನ್ನೂ 19ನೆಯ ಶತಮಾನದಲ್ಲಿಯೇ ಕಂಡುಕೊಂಡರು. ಈ ಸುಳ್ಳು ತೆರೆಗಳ ಮಾತು ಮುಂದೆ ಮತ್ತೆ ಬರುತ್ತದೆ.

1815ರಲ್ಲಿ ನೆಪೋಲಿಯನ್ನನು ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಗ್ರೆನೋಬಲ್ ದಾರಿಯಾಗಿಯೇ ಬಂದನು. ರಾಜನ ಅಧಿಕಾರಿಯಾಗಿದ್ದ ಫೂರಿಯೆಗೆ ಧರ್ಮಸಂಕಟ. ಆತನು ಊರು ಬಿಟ್ಟು ಹೊರಟನು. ನೆಪೋಲಿಯನ್ನನು ಕೋಪಿಸಿಕೊಂಡರೂ ಕೊನೆಗೆ ಲಿಯೋನ್ ನಗರವಿರುವ ರೋನ್ ಪ್ರಾಂತಕ್ಕೆ ಪ್ರಿಫೆಕ್ಟನಾಗಿ ನೇಮಿಸಿದನು. ಆದರೆ ಫೂರಿಯೆ ಕೆಲವು ವಾರಗಳಲ್ಲಿಯೇ ಆ ಅಧಿಕಾರವನ್ನು ಬಿಟ್ಟನು. ವಾಟರ್ಲೂ ಆದ ಮೇಲೆ ಎರಡು ಕಡೆಯವರಿಗೂ ಬೇಡವಾದವನಾಗಿ, ಕೈಯಲ್ಲಿ ಕೆಲಸವಿಲ್ಲದೆ ಪ್ಯಾರಿಸಿಗೆ ಬಂದನು. ಆಗ ಆತನಿಗೆ ನೆರವಾದವನು ಹಳೆಯ ಶಿಷ್ಯನೊಬ್ಬ. ಅಂಕಿಅಂಶಗಳ ಕಛೇರಿಯಲ್ಲಿ ಕೆಲಸ ಕೊಡಿಸಿದನು. ಉಪಾಧ್ಯಾಯವೃತ್ತಿಯಲ್ಲಿ ಗಳಿಸುವ ಆಸ್ತಿ ಇದೇ ಅಲ್ಲವೆ? 1816ರಲ್ಲಿ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದಾಗ ದೊರೆ 18ನೆಯ ಲೂಯಿಯು ಒಪ್ಪಲಿಲ್ಲ. 1817ರಲ್ಲಿ ಮತ್ತೆ ಆಯ್ಕೆಯಾದಾಗ ಒಪ್ಪಬೇಕಾಯಿತು. ಕೊನೆಗೆ 1822ರಲ್ಲಿ, ಮೊದಲ ಪ್ರಬಂಧ ಬರೆದ 15 ವರ್ಷಗಳ ಮೇಲೆ, ಶಾಖದ ಗಣಿತಸಿದ್ಧಾಂತವನ್ನು ಕುರಿತ ಆತನ ಮಹಾಗ್ರಂಥವು ಹೊರಬಂದಿತು. ಅದೇ ವರ್ಷ ಆತನು ಅಕಾಡೆಮಿಯ ಖಾಯಂ ಕಾರ್ಯದರ್ಶಿಯಾದನು. 1824ರಲ್ಲಿ ಭೂಮಿಯ ಬಿಸಿಯನ್ನು ಕುರಿತು ಬರೆದು, ಭೂಮಿಯಿಂದ ಹೊರಹೋಗುವ ಶಾಖವನ್ನು ವಾಯುಮಂಡಲವು ತಡೆಯುತ್ತದೆಂಬ ವಿಚಾರವನ್ನು ಮುಂದಿಟ್ಟನು. ಇಂದು ಲೋಕವೆಲ್ಲ ಚಿಂತಿಸುತ್ತಿರುವ ಭೂತಾಪದ ಶಾಸ್ತ್ರಕ್ಕೆ ಇದು ಒಂದು ಮೊದಲ ಮೆಟ್ಟಿಲು.

ಈಜಿಪ್ಟಿನಿಂದ ಬಂದ ಮೇಲೆ ಫೂರಿಯೆಗೆ ಚಳಿಯೆಂದರೆ ಆಗುತ್ತಿರಲಿಲ್ಲ. ಬೇಸಗೆಯಲ್ಲಿಯೂ ದಪ್ಪ ಬಟ್ಟೆ ತೊಟ್ಟು, ಕೋಣೆಯನ್ನು ಕಾಯಿಸಿಕೊಂಡು ಕೂರುತ್ತಿದ್ದನಂತೆ. ಶಾಖವನ್ನು ಅಳೆದವನು ಶಾಖಕ್ಕಾಗಿ ಹಂಬಲಿಸಿದ್ದು ವಿಧಿಯ ವಿನೋದ. 1830ರ ಮೇ 16ರಂದು ಪ್ಯಾರಿಸಿನಲ್ಲಿ ತೀರಿಕೊಂಡನು. ಆ ವರ್ಷ ಫೆಬ್ರವರಿಯಲ್ಲಿ ಗಾಲ್ವಾ ಎಂಬ 18 ವರ್ಷದ ಹುಡುಗನೊಬ್ಬ ಅಕಾಡೆಮಿಯ ಬಹುಮಾನಕ್ಕೆ ಪ್ರಬಂಧವೊಂದನ್ನು ಕಳುಹಿಸಿದ್ದನು. ಅದನ್ನು ಓದಲು ಫೂರಿಯೆ ಮನೆಗೆ ಒಯ್ದಿದ್ದನು. ಆತನು ಸತ್ತ ಮೇಲೆ ಹುಡುಕಿದರೆ ಹಸ್ತಪ್ರತಿ ಸಿಕ್ಕಲಿಲ್ಲ. ಆ ಗಾಲ್ವಾ ಎರಡು ವರ್ಷಗಳಲ್ಲಿ ದ್ವಂದ್ವಯುದ್ಧದಲ್ಲಿ ಮಡಿದನು. ಇಂದು ಬೀಜಗಣಿತದಲ್ಲಿ ಆತನ ಹೆಸರು ಅಮರವಾಗಿದೆ. ತನ್ನ ಪ್ರಬಂಧ 15 ವರ್ಷ ಕತ್ತಲೆಯಲ್ಲಿದ್ದುದರ ನೋವನ್ನು ಬಲ್ಲವನ ಮನೆಯಲ್ಲಿಯೇ ಮತ್ತೊಬ್ಬನ ಪ್ರಬಂಧ ಕಳೆದುಹೋಯಿತೆಂಬುದನ್ನು ಓದಿದಾಗ ನನಗೆ ಬಹಳ ಹೊತ್ತು ಬೇರೇನನ್ನೂ ಓದಲಾಗಲಿಲ್ಲ.

ಇನ್ನು, ಈ ಶಾಖದ ಲೆಕ್ಕಕ್ಕೂ ನಮ್ಮ ಮೊಬೈಲಿನ ಚಿತ್ರಕ್ಕೂ ಏನು ಸಂಬಂಧ? ಕಂಪ್ಯೂಟರಿನ ಕಣ್ಣಿಗೆ ಚಿತ್ರವೆಂದರೆ ಬಣ್ಣದ ಬಿಂದುಗಳ ಸಾಲು. ಅಡ್ಡಕ್ಕೆ 1000, ಉದ್ದಕ್ಕೆ 1000 ಬಿಂದುಗಳಿದ್ದರೆ ಒಟ್ಟು 10 ಲಕ್ಷ. ಒಂದೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂದು 3 ಬೈಟ್‌ಗಳು ಬೇಕು; ಅಲ್ಲಿಗೆ 30 ಲಕ್ಷ ಬೈಟ್. ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವಾಗ ಭಾವಚಿತ್ರ ಇಷ್ಟು ಕೆ.ಬಿ.ಯೊಳಗೆ ಇರಬೇಕೆಂಬ ನಿಬಂಧನೆಯನ್ನು ನಾವೆಲ್ಲರೂ ಕಂಡಿದ್ದೇವೆ. ಹಳ್ಳಿಯ ಮನೆಯಲ್ಲಿ ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಿ ನಿಂತವರಿಗೆ ಆ ನಿಬಂಧನೆಯ ಅರ್ಥ ಬೇಗ ತಿಳಿಯುತ್ತದೆ. ಚಿತ್ರ ಕುಗ್ಗದಿದ್ದರೆ ಅರ್ಜಿ ಹೋಗುವುದಿಲ್ಲ. ಅರ್ಜಿ ಹೋಗದಿದ್ದರೆ ಮುಂದಿನ ವರ್ಷದ ಓದೇ ಅನುಮಾನ.

ಕುಗ್ಗಿಸುವ ಬಗೆ ಹೀಗಿದೆ. ಜೆಪೆಗ್ ಎಂದು ಕರೆಯುವ ಪದ್ಧತಿಯಲ್ಲಿ ಚಿತ್ರವನ್ನು 8ಕ್ಕೆ 8 ಬಿಂದುಗಳ ಚೌಕಗಳಾಗಿ ವಿಂಗಡಿಸುತ್ತಾರೆ. ಒಂದು ಚೌಕದಲ್ಲಿ 64 ಸಂಖ್ಯೆಗಳು. ಅವುಗಳನ್ನು ಫೂರಿಯೆ ತೋರಿಸಿದ ದಾರಿಯಲ್ಲಿ 64 ಅಲೆಗಳ ಪ್ರಮಾಣಗಳಾಗಿ ಬದಲಿಸುತ್ತಾರೆ. ಮೊದಲನೆಯದು ಚೌಕದ ಒಟ್ಟು ಬೆಳಕು. ಮುಂದಿನವು ದೊಡ್ಡ ಏರಿಳಿತಗಳು. ಕೊನೆಯವು ಬಹಳ ಸೂಕ್ಷ್ಮವಾದ ಅಲೆಗಳು. ಈ ಸೂಕ್ಷ್ಮ ಅಲೆಗಳು ಸ್ವಲ್ಪ ಹೆಚ್ಚುಕಡಿಮೆಯಾದರೆ ಮನುಷ್ಯನ ಕಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ಅವುಗಳನ್ನು ದೊಡ್ಡ ಸಂಖ್ಯೆಗಳಿಂದ ಭಾಗಿಸಿ ಶೇಷವನ್ನು ಬಿಟ್ಟುಬಿಡುತ್ತಾರೆ, ಬಹುಪಾಲು ಸೊನ್ನೆಯಾಗುತ್ತವೆ. ಅನಂತರ ಮೂಲೆಯಿಂದ ಮೂಲೆಗೆ ಹಾವಿನಂತೆ ಓದಿದರೆ ಸೊನ್ನೆಗಳೆಲ್ಲ ಒಟ್ಟಿಗೆ ಬರುತ್ತವೆ. ಅವುಗಳನ್ನು ಒಂದೊಂದಾಗಿ ಬರೆಯದೆ ಇಷ್ಟು ಸೊನ್ನೆಗಳೆಂದು ಎಣಿಕೆ ಬರೆದರೆ ಸಾಕು. ಮತ್ತೆ ಮತ್ತೆ ಬರುವ ಸಂಖ್ಯೆಗೆ ಚಿಕ್ಕ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. ಇದು 1952ರಲ್ಲಿ ಹಫ್‌ಮನ್ ಎಂಬಾತನು ಪ್ರಕಟಿಸಿದ ಉಪಾಯ. ಸಾಮಾನ್ಯ ಛಾಯಾಚಿತ್ರವು ಹೀಗೆ ಹತ್ತರಲ್ಲಿ ಒಂದು ಪಾಲಿಗೆ ಇಳಿದರೂ ನೋಡುವವನಿಗೆ ವ್ಯತ್ಯಾಸ ಅಷ್ಟಾಗಿ ಕಾಣದು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು ಬೆಲ್ಲದ ಅಚ್ಚಾಗುವಂತೆ, ನೀರು ಹೋಗಿ ಸವಿ ಉಳಿಯುತ್ತದೆ.

ಈ ಅಲೆಗಳ ವಿಷಯದಲ್ಲಿ ನಾವು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಫೂರಿಯೆಯ ಮೂಲಪದ್ಧತಿಯನ್ನು ಚಿತ್ರದ ಚೌಕಕ್ಕೆ ಹಾಗೆಯೇ ಹೊಂದಿಸಿದರೆ, ಚೌಕದ ಎಡ ಅಂಚೂ ಬಲ ಅಂಚೂ ಬಳೆಯಂತೆ ಕೂಡಿಕೊಂಡು, ಕೂಡಿದ ಜಾಗದಲ್ಲಿ ಜಿಗಿತ ಉಂಟಾಗುತ್ತದೆ. ಕನ್ನಡಿಯ ಪ್ರತಿಬಿಂಬವನ್ನು ಪಕ್ಕದಲ್ಲಿಟ್ಟಂತೆ ಜೋಡಿಸಿದರೆ ಜಿಗಿತವಿಲ್ಲ. ಆಗ ಕೊಸೈನ್ ಅಲೆಗಳಷ್ಟೇ ಸಾಕು. ಈ ಮಾರ್ಗವನ್ನು ಹಾಕಿದವರು ಡಾ. ನಾಸಿರ್ ಅಹ್ಮದ್. ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಎಂದರೆ ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಕಾಲೇಜಿನಲ್ಲಿ, 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದವರು. 1972ರಲ್ಲಿ ಈ ಸಂಶೋಧನೆಗೆ ಹಣ ಬೇಕೆಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಕೇಳಿದರು, ದೊರೆಯಲಿಲ್ಲ. ಅವರು ಕೆಲಸವನ್ನು ಬಿಡಲಿಲ್ಲ. ಶಿಷ್ಯರಾದ ಟಿ. ನಟರಾಜನ್ ಮತ್ತು ಮಿತ್ರರಾದ ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು. 1992ರಲ್ಲಿ ಜೆಪೆಗ್ ಪದ್ಧತಿಯು ಅಂತರರಾಷ್ಟ್ರೀಯ ಪ್ರಮಾಣವಾದಾಗ ಅದರ ಹೃದಯದಲ್ಲಿದ್ದುದು ಇದೇ ಕೊಸೈನ್ ವಿದ್ಯೆ.

ಇನ್ನೊಂದು ಸೊಗಸನ್ನು ಹೇಳಬೇಕು. ಅಲೆಗಳಾಗಿ ವಿಂಗಡಿಸಿದ ಚಿತ್ರವನ್ನು ಕಳುಹಿಸುವಾಗ ಎಲ್ಲ ಚೌಕಗಳ ದೊಡ್ಡ ಅಲೆಗಳನ್ನು ಮೊದಲು, ಸಣ್ಣವುಗಳನ್ನು ಆಮೇಲೆ ಕಳುಹಿಸಬಹುದು. ಆಗ ಮಂಜಿನೊಳಗಿನ ಮುಖದಂತೆ ಚಿತ್ರವು ಮೊದಲು ಮಸುಕಾಗಿ ಮೂಡಿ ಬರಬರುತ್ತ ತಿಳಿಯಾಗುತ್ತದೆ. ಜಾಲ ನಿಧಾನವಾಗಿದ್ದರೂ ಬಂದವರಾರೆಂದು ತಿಳಿಯುತ್ತದೆ. ಆದರೆ ಅಚ್ಚಿನ ಅಕ್ಷರಗಳು, ನಕ್ಷೆಗಳು ಮುಂತಾದವುಗಳಲ್ಲಿ ಕಪ್ಪುಬಿಳುಪಿನ ನಡುವೆ ಜಿಗಿತವಿರುವುದರಿಂದ, ಹೆಚ್ಚು ಕುಗ್ಗಿಸಿದರೆ ಅಂಚಿನಲ್ಲಿ ಕೊಳೆಯಂಥ ತೆರೆಗಳು ಕಾಣುತ್ತವೆ. ಲಗ್ರಾಂಜನನ್ನು ಕಾಡಿದ್ದ ಮುರಿದ ರೇಖೆಯ ತೊಡಕೇ ಇಲ್ಲಿ ತಲೆಯೆತ್ತುತ್ತದೆ! ಅಂಥವುಗಳಿಗೆ ಏನನ್ನೂ ಬಿಡದೆ ಕುಗ್ಗಿಸುವ ಪಿಎನ್‌ಜಿ ಎಂಬ ಬೇರೆ ಪದ್ಧತಿಯೇ ಮೇಲು. ಬಟ್ಟೆ ಕತ್ತರಿಸುವವನಿಗೆ ಯಾವ ಬಟ್ಟೆಗೆ ಯಾವ ಕತ್ತರಿಯೆಂಬುದು ತಿಳಿದಿರಬೇಕೆಂದು ನನ್ನ ತಂದೆಯವರು ಹೇಳುವುದುಂಟು. ಇಲ್ಲಿಯೂ ಅದೇ ನೀತಿ.

ಕುಗ್ಗಿಸುವುದಲ್ಲದೆ ಕೂಡಿಡುವುದೂ ಒಂದು ಉಪಾಯ. ಹಂಡೆಯಲ್ಲಿ ನೀರು ತುಂಬಿಟ್ಟುಕೊಂಡವರು ಕೈ ತೊಳೆಯಲೆಂದು ಪ್ರತಿ ಸಲ ಕೆರೆಗೆ ಹೋಗುವುದಿಲ್ಲವಷ್ಟೆ. ಹಾಗೆಯೇ ಒಮ್ಮೆ ಬಂದ ಚಿತ್ರವನ್ನು ಬ್ರೌಸರು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಈ ಸಂಗ್ರಹಕ್ಕೆ ಕ್ಯಾಷ್ ಎಂದು ಹೆಸರು. ಮತ್ತೆ ಅದೇ ಪುಟ ತೆರೆದಾಗ, ಇಟ್ಟುಕೊಂಡ ಅವಧಿ ಮೀರಿರದಿದ್ದರೆ ಕೂಡಲೇ ತೋರಿಸುತ್ತದೆ. ಮೀರಿದ್ದರೆ ಚಿತ್ರ ಬದಲಾಗಿದೆಯೇ ಎಂದು ದೂರದ ಸರ್ವರನ್ನು ಕೇಳುತ್ತದೆ. ಬದಲಾಗಿಲ್ಲವೆಂಬ ಚಿಕ್ಕ ಉತ್ತರ ಬಂದರೆ ಚಿತ್ರವನ್ನು ಮತ್ತೆ ತರಿಸುವ ಕೆಲಸವೇ ಇಲ್ಲ. ಇದರಲ್ಲಿ ಫೂರಿಯೆಯ ಗಣಿತವೇನೂ ಇಲ್ಲ. ಮನೆ ನಡೆಸುವವರ ಮಿತವ್ಯಯವಿದೆ, ಅಷ್ಟೆ. ಆದರೆ ಆತನ ವಿದ್ಯೆಯಿಂದ ಕುಗ್ಗಿದ ಚಿತ್ರಕ್ಕೆ ಹಂಡೆಯಲ್ಲಿ ಹಿಡಿಯುವ ಜಾಗವೂ ಕಡಮೆ.

ಓಸೇರಿನ ಜನರು 1849ರಲ್ಲಿ ತಮ್ಮೂರ ಮಗನಿಗೆ ಕಂಚಿನ ಪ್ರತಿಮೆಯೊಂದನ್ನು ನಿಲ್ಲಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಯುಧಗಳ ಲೋಹಕ್ಕಾಗಿ ಅದನ್ನು ಕರಗಿಸಿದರು. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಆತನ ಹೆಸರು ಈಗಲೂ ಇದೆ. 1807ರ ಆ ಮೂಲ ಹಸ್ತಪ್ರತಿಯೋ? ಅದು ಪೂರ್ತಿಯಾಗಿ ಅಚ್ಚಾದದ್ದು 165 ವರ್ಷಗಳ ಮೇಲೆ, 1972ರಲ್ಲಿ. ಬೆಂಗಳೂರಿನಿಂದ ಹೋದ ಅಹ್ಮದರ ಕೋರಿಕೆಗೆ ಹಣ ದೊರೆಯದೆ ಹೋದ ವರ್ಷದಲ್ಲಿಯೇ.

ವಾಚಕ ಮಿತ್ರರೇ, ನಮ್ಮಲ್ಲಿ ಅನೇಕರು ಮನೆತನದ ಹೆಸರಿನ ಬಲವಿಲ್ಲದೆ, ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಮನೆಗಳಿಂದ ಬಂದವರು. ನಾವು ಬರೆದದ್ದನ್ನು ಇಂದು ಯಾರಾದರೂ ಪಕ್ಕಕ್ಕಿಟ್ಟಾರು. ಇಡಲಿ. ಪಕ್ಕಕ್ಕಿಟ್ಟ ಕಾಗದವನ್ನು ಹರಿಯದೆ, ಎದುರಾಡಿದವರ ಮಾತಿನಲ್ಲಿ ಸತ್ಯವೆಷ್ಟೆಂದು ನೋಡಿ, ತಿದ್ದಿ, ಮತ್ತೆ ಬರೆಯುವುದನ್ನು ದರ್ಜಿಯ ಮಗನಾದ ಫೂರಿಯೆಯಿಂದ ಕಲಿಯಬಹುದು. ಮತ್ತೊಬ್ಬರ ಕಾಗದ ನಮ್ಮ ಕೈಗೆ ಬಂದ ದಿನ ಅದನ್ನು ಕಳೆಯದೆ ಓದಬೇಕೆಂಬುದನ್ನೂ ಆತನ ಕೊನೆಯ ದಿನಗಳಿಂದಲೇ ಕಲಿಯಬೇಕು.